ಅರಗಿನ ವಾಸನೆ

ಅರಗಿನ ವಾಸನೆ ಬಂದರೆ ನಮ್ಮೂರಿನಲ್ಲಿ ಎಲ್ಲರೂ ಇದ್ದಲ್ಲೇ ನಿಂತುಬಿಡುತ್ತೇವೆ. ಕ್ಷೌರದವನ ಕತ್ತಿ ಗಿರಾಕಿಯ ಗಲ್ಲದ ಮೇಲೆ ನಿಲ್ಲುತ್ತದೆ, ಸೊಪ್ಪು ಮಾರುವವಳ ಕೂಗು ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಮಕ್ಕಳನ್ನು ನೋಡಿಕೊಳ್ಳುತ್ತೇವೆ, ಆಮೇಲೆ ಮನೆ, ಆಮೇಲೆ ಬೀದಿ. ಏನು ಹೋಯಿತು? ಯಾರದು ಹೋಯಿತು? ನಮ್ಮದೆಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದರೆ ಉಸಿರು ಬಿಟ್ಟು, ಪಕ್ಕದ ಬೀದಿಯವರದ್ದೇನೋ ಹೋಗಿರಬೇಕು ಪಾಪ ಎಂದುಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತೇವೆ.

ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿ, ಅರಗು ಕಾಯಿಸಿ, ಅದರ ಮೇಲೆ ಗುಟ್ಟಿನ ಮುದ್ರೆ ಒತ್ತಿದರೆ, ಆದೇಶ ಯಾವುದನ್ನು ಕುರಿತಿದೆಯೋ ಅದು ನಮ್ಮ ಕಣ್ಣಿಗೆ ಕಾಣದಾಗುತ್ತದೆ. ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಮೊದಲು ಸರ್ಕಾರಿ ಉಗ್ರಾಣ ಹೋಯಿತು. ಆಮೇಲೆ ನೀರಿನ ಟ್ಯಾಂಕು. ಅದರ ಕಂಬಕ್ಕೆ ಹಣೆ ಬಡಿದುಕೊಂಡವರೆಲ್ಲ ಸೇರಿ ಅದಕ್ಕೆ ದನದ ಗಂಟೆ ಕಟ್ಟಿದರು, ಗಾಳಿ ಬೀಸಿದಾಗ ಸದ್ದು ಬಂದ ಕಡೆಯನ್ನು ಬಿಟ್ಟು ಜನ ಸುತ್ತಿ ಹೋಗುತ್ತಾರೆ. ನಮ್ಮೂರಿನವರು ನಡೆಯುವಾಗ ಒಂದು ಕೈಯನ್ನು ಮುಂದೆ ಚಾಚಿಕೊಂಡೇ ನಡೆಯುವುದು. ಪರ ಊರಿಗೆ ಹೋದರೂ ಆ ಚಾಳಿ ಬಿಡುವುದಿಲ್ಲ, ಅಲ್ಲಿಯವರು ನಮ್ಮನ್ನು ಕುರುಡರೆಂದು ತಿಳಿದು ರಸ್ತೆ ದಾಟಿಸುತ್ತಾರೆ.

ಹಿಂದೆ ಹೀಗಿರಲಿಲ್ಲ, ಮುದ್ರೆ ಇದ್ದರೂ ಅದನ್ನು ಒತ್ತುತ್ತಿದ್ದದ್ದು ಅಪರೂಪ. ಹೊಳೆಯ ಆಚೆ ದಡ ಬೇರೆ ರಾಜ್ಯಭಾರ, ಈಚೆ ದಡ ನಮ್ಮದು. ನೀರು ಬಿಡುವುದಿರಲಿ, ಮೀನು ಹಿಡಿಯುವುದಿರಲಿ, ಅವರಿಂದ ಕಾಗದ ಬಂದರೆ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಸದಸ್ಯರು ಮೂರು ದಿನ ಜಗಳವಾಡಿ ನಾಲ್ಕನೆಯ ದಿನ ಉತ್ತರ ಬರೆಯುತ್ತಿದ್ದರು. ಈಗಿನ ಅಧ್ಯಕ್ಷರು ಚುನಾವಣೆಗೆ ನಿಂತಾಗ, "ಸಭೆ ಸೇರಿಸಿದರೆ ಮಾತು ಬೆಳೆಯುತ್ತೆ, ಸಹಿ ಹಾಕಿದರೆ ಕೆಲಸ ಬೆಳೆಯುತ್ತೆ" ಎಂದಿದ್ದರು. ಜನ ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು. ನನಗೂ ಆ ಮಾತು ಹಿಡಿಸಿತ್ತು. ಮೂರು ದಿನ ಜಗಳವಾಡುವವರೆಲ್ಲ ನನ್ನ ಅಂಗಡಿಯ ಮಂಡಕ್ಕಿಯನ್ನೇ ತಿನ್ನುತ್ತಿದ್ದರು, ಸಭೆ ನಿಂತು ವ್ಯಾಪಾರ ಕಡಿಮೆಯಾಯಿತಲ್ಲ ಎಂದು ಮಾತ್ರ ಆಮೇಲೆ ಬೇಸರಪಟ್ಟೆ.

ನಾನು ಚೆನ್ನಾಜಮ್ಮ. ಅಧ್ಯಕ್ಷರ ಭವನದ ಎದುರಿಗೇ ನನ್ನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಮಗ ಓಂಕಾರ ಗಾರೆ ಕೆಲಸದವನು. ಆಚೆ ದಡದಲ್ಲಿ ಒಂದು ಮನೆ ಕಟ್ಟಲು ಹೋದವನು ಆ ಮನೆಯ ಮಗಳನ್ನೇ ಕಟ್ಟಿಕೊಂಡು ಬಂದ. ಅವಳೇ ದಾನವ್ವ. ಬಂದ ಹೊಸದರಲ್ಲಿ ಅವಳ ಭಾಷೆಗೆ ನಾನು ನಕ್ಕಿದ್ದುಂಟು. ಬೆಕ್ಕನ್ನು ಓಡಿಸುವಾಗಲೂ "ಹೋಗ್ರಿ" ಎನ್ನುತ್ತಿದ್ದಳು. ಆದರೆ ಮೆಣಸಿನಕಾಯಿ ಕರಿಯುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು, ಅದನ್ನು ಅವಳೆದುರು ಒಪ್ಪಿಕೊಳ್ಳಲಿಲ್ಲ ಅಷ್ಟೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನನ್ನ ಕಾಲವನ್ನು ಇನ್ನೊಂದಿಷ್ಟು ಎಳೆಯೋಣ ಎಂದಿದ್ದೆ.

ಅವಳು ಬಸುರಿಯಾಗಿ ಏಳು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅವಳು ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದಳು. ಅರಗಿನ ವಾಸನೆ ಬಂತು. ನಾನು ತಲೆ ಎತ್ತಿ ಬೀದಿ ಕಡೆ ನೋಡಿದೆ. ಓಂಕಾರ ಸೈಕಲ್ಲಿನ ಪಕ್ಕ ನಿಂತಿದ್ದ. ಬಾಣಲೆ ಇತ್ತು, ಭವನ ಇತ್ತು. ಬದುಕಿದೆ ಎಂದು ತಿರುಗಿದರೆ ಮೊರ ತಾನೇ ತಾನಾಗಿ ಗಾಳಿಯಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

"ಯಾಕ್ರಿ ಅತ್ತಿ, ಹಂಗ್ಯಾಕ ನೋಡಾಕತ್ತೀರಿ?" ಎಂದಿತು ಮೊರದ ಹಿಂದಿನ ದನಿ.

ನಾನು ಕೈ ಚಾಚಿದೆ. ಅವಳ ಕೆನ್ನೆ ಸಿಕ್ಕಿತು, ಬಿಸಿಯಾಗಿತ್ತು. ಅಷ್ಟರಲ್ಲಿ ಅವಳಿಗೂ ತನ್ನ ಕೈ ಕಾಣದಾಯಿತು. ಮೊರ ದೊಪ್ಪನೆ ಬಿತ್ತು, ಮಂಡಕ್ಕಿ ಬೀದಿಯ ತನಕ ಚೆಲ್ಲಿತು. ಹೊಳೆಯ ಕಡೆಯಿಂದ ಜನ ಓಡಿ ಬಂದು ಆಚೆ ದಡವೇ ಇಲ್ಲ, ಬರೀ ನೀರು, ನೀರಿನ ಮೇಲೆ ಆಕಾಶ ಎಂದು ಕೂಗಿದರು. ಆಚೆ ದಡದ ಮೇಲೆ ಏನೋ ಆದೇಶವಾಗಿದೆ, ಅಲ್ಲಿಂದ ಬಂದವರೂ ಅದರಲ್ಲಿ ಸೇರಿದ್ದಾರೆ ಎಂದು ಎಲ್ಲರಿಗೂ ಅರ್ಥವಾಯಿತು. ಏನು ಆದೇಶ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರುವುದಕ್ಕೆ ಹೊಂದಿಕೊಳ್ಳುವುದು ಕಾಣದಿರುವುದಕ್ಕೆ ಹೊಂದಿಕೊಂಡಷ್ಟು ಸುಲಭವಲ್ಲ. ಕಾಣದಿರುವುದಕ್ಕೆ ವಾರದೊಳಗೆ ಹೊಂದಿಕೊಂಡೆವು. ಅವಳ ಕಾಲಿಗೆ ದಪ್ಪ ಗೆಜ್ಜೆ ಕಟ್ಟಿದೆ. ತಲೆ ಬಾಚಲು, ಕುಂಕುಮ ಇಡಲು ನಾನೇ ತಡಕಾಡಿ ಜಾಗ ಹುಡುಕುತ್ತಿದ್ದೆ, ಒಮ್ಮೊಮ್ಮೆ ಕುಂಕುಮ ಮೂಗಿನ ಮೇಲಾಗುತ್ತಿತ್ತೇನೋ, ಹೇಳುವವರು ಯಾರು? ಅಂಗಡಿಯಲ್ಲಿ ಜಾಲರಿ ಸೌಟು ಗಾಳಿಯಲ್ಲಿ ತೇಲಿ ಮೆಣಸಿನಕಾಯಿ ಎತ್ತುವುದನ್ನು ನೋಡಲು ಮೊದಮೊದಲು ಜನ ಸೇರುತ್ತಿದ್ದರು. ಆಮೇಲೆ ಅದೂ ಹಳತಾಯಿತು. "ದಾನವ್ವ, ಎರಡು ಪ್ಲೇಟ್" ಎಂದು ಗಾಳಿಗೇ ಹೇಳಿ ಕೂರುತ್ತಿದ್ದರು. ಇನ್ನೂ ಕೆಲವರು ಅವಳು ಇದ್ದಳೆಂಬುದನ್ನೇ ಮರೆತರು. ಅವಳ ಎದುರಿಗೇ ನನ್ನನ್ನು, "ಅವಳೇನಾದಳು?" ಎಂದು ಕೇಳುತ್ತಿದ್ದರು.

ಆದರೆ ಏನು ಬರೆದಿದ್ದಾರೆ ಎಂಬ ಚಿಂತೆ ಮನೆಯೊಳಗೆ ಇನ್ನೊಬ್ಬ ನೆಂಟನ ಹಾಗೆ ಕೂತುಬಿಟ್ಟಿತು. ಒಳ್ಳೆಯದೇ ಬರೆದಿರಬಹುದು, ಅವರಿಗೆಲ್ಲ ರಕ್ಷಣೆ ಕೊಡುತ್ತಿರಬಹುದು ಎಂದು ಪಕ್ಕದ ಮನೆಯವರು. ಯುದ್ಧವಿರಬಹುದು ಎಂದು ಎದುರು ಮನೆಯವರು. ಒಂಬತ್ತು ತಿಂಗಳಿಗೆ ಬಿದ್ದ ಮೇಲೆ ಆಸ್ಪತ್ರೆಯ ನರ್ಸಮ್ಮ ದಾನವ್ವನ ಹೊಟ್ಟೆಗೆ ಕೈಯಿಟ್ಟು ಮಗು ಚೆನ್ನಾಗಿದೆ ಎಂದಳು, ಬರುವ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆರಿಗೆ ಎಂದಳು, ಆಮೇಲೆ ದನಿ ಇಳಿಸಿ, "ಇಲ್ಲಿಗೆ ಕರ್ಕೊಂಡ್ ಬರಬೇಡಿ ಅಮ್ಮ. ಇವರನ್ನ ಮುಟ್ಟಬೋದೋ ಬಾರದೋ ನಮಗೂ ಗೊತ್ತಿಲ್ಲ" ಎಂದಳು.

ನಮ್ಮೂರಿನಲ್ಲಿ ಒಂದು ಹಳೆಯ ಕಾನೂನಿದೆ. ಭವನದ ಪಕ್ಕದ ಗೋಡೆಯಲ್ಲಿ ಕೇಳುವ ಕಿಟಕಿ ಅಂತ ಒಂದು ಕಿಟಕಿ. ಕಾಣದಾದ ಯಾವುದನ್ನಾದರೂ ಅಲ್ಲಿಗೆ ತಂದು ಇದು ಇದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಕೇಳಬಹುದು. ಗುಮಾಸ್ತ ಅದನ್ನು ಕೈಯಾರೆ ಮುಟ್ಟಿ ನೋಡಿ 'ಇದೆ' ಅಥವಾ 'ಇಲ್ಲ' ಎಂದು ಠಸ್ಸೆ ಒತ್ತಬೇಕು. ಇದೆ ಎಂದು ಒತ್ತಿದರೆ ಅವತ್ತೇ ಅರಗು ಒಡೆದು ಆದೇಶವನ್ನು ಚೌಕದಲ್ಲಿ ಓದಬೇಕು. ಕಾನೂನೇನೋ ಭರ್ಜರಿ. ಆದರೆ ಉಗ್ರಾಣವನ್ನು, ನೀರಿನ ಟ್ಯಾಂಕನ್ನು ಕಿಟಕಿಗೆ ಹೊತ್ತು ತರುವವರು ಯಾರು? ಕೇಳಲು ಹೋದವರಿಗೆಲ್ಲ ಗುಮಾಸ್ತ ತಿಪ್ಪೇಸ್ವಾಮಿ, "ವಸ್ತು ತನ್ನಿ" ಎಂದು ಕೈ ಮುಗಿದು, 'ಇಲ್ಲ' ಎಂದು ಒತ್ತಿ ಕಳಿಸುತ್ತಿದ್ದ. ಆಮೇಲೆ ಯಾರೂ ಹೋಗದೆ ಕಿಟಕಿಗೆ ಜೇಡ ಬಲೆ ಕಟ್ಟಿತ್ತು.

ಒಂದು ದಿನ ಊಟಕ್ಕೆ ಕೂತಾಗ ನನಗೆ ಹೊಳೆಯಿತು. ಈ ಗುಟ್ಟಿಗೆ ಕಾಲಿದೆ! ದಾನವ್ವನನ್ನೇ ಕಿಟಕಿಗೆ ಕರ್ಕೊಂಡು ಹೋಗೋಣ ಎಂದೆ.

ಓಂಕಾರ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಬಿಟ್ಟ. "ಬ್ಯಾಡ ಕಣವ್ವ. ಸುಮ್ನೆ ಇರು. ನಾವಾಗೇ ಹೋಗಿ ಕೇಳಿದ್ರೆ ನೆನಪು ಮಾಡಿಕೊಟ್ಟಂಗೆ ಆಯ್ತದೆ. ಮರೆತಿದ್ರೆ ಮರೆತುಕೊಂಡಿರ್ಲಿ."

"ಮರೆತವರು ಅರಗು ಕಾಯಿಸ್ತಾರೇನೋ?"

"ನಿಂಗೆ ಗೊತ್ತಾಗಲ್ಲ. ಗೊತ್ತಾಗದೆ ಇರೋ ತನಕ ಏನೂ ಆಗಿಲ್ಲ ಅಂತ ಲೆಕ್ಕ."

ಅವನ ಭಯ ನನಗೆ ತಿಳಿಯುತ್ತಿತ್ತು. ನನ್ನದೂ ಅದೇ ಭಯ. ಕೇಳಿದರೆ ಕೆಟ್ಟದ್ದು ಗೊತ್ತಾಗುತ್ತದೆ, ಕೇಳದಿದ್ದರೆ ಕೆಟ್ಟದ್ದು ಹೇಳದೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ನಾವಿಬ್ಬರೂ ಜಗಳವಾಡುತ್ತಿದ್ದಾಗ ಮೂಲೆಯಲ್ಲಿ ಗೆಜ್ಜೆ ಸದ್ದಾಯಿತು.

"ಹೊಟ್ಯಾಗ ಇರೂದು ನನ್ ಕೂಸು," ಎಂದಳು ದಾನವ್ವ. "ನನ್ ಮ್ಯಾಲೆ ಏನ್ ಬರದಾರ ಅನ್ನೂದು ನನಗ ಗೊತ್ತಾಗಬೇಕ್ರಿ. ಅತ್ತಿ ಬರಲಿಲ್ಲಂದ್ರ ನಾ ಒಬ್ಬಾಕಿನ ಹೋಗ್ತೀನಿ."

ಮರುದಿನ ಬೆಳಿಗ್ಗೆ ನಾನೂ ಅವಳೂ ಕಿಟಕಿಗೆ ಹೋದೆವು. ಓಂಕಾರ ಬೀದಿಯಾಚೆ ನಿಂತ, ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ತಿಪ್ಪೇಸ್ವಾಮಿ ನನ್ನ ಅಂಗಡಿಯ ಹಳೆಯ ಗಿರಾಕಿ, ಪುಕ್ಕಲ. ಮೆಣಸಿನಕಾಯಿ ಖಾರವಿದೆಯೇ ಎಂದು ಮೂರು ಸಲ ಕೇಳಿ ತಿನ್ನುವವನು.

"ಏನಕ್ಕಾ, ವಸ್ತು ತಂದಿದೀರಾ?" ಎಂದು ಅಭ್ಯಾಸದಂತೆ ಕೇಳಿದ.

"ತಂದಿದೀನಿ. ನಡ್ಕೊಂಡೇ ಬಂದಿದೆ. ಕೈ ಹೊರಗೆ ಹಾಕಪ್ಪ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿಕೊಂಡಿತು. "ಅಕ್ಕ, ಗರ್ಭಿಣಿ ಹೆಂಗಸು, ನಾನು ಹ್ಯಾಗೆ..." ಎಂದು ತೊದಲಿದ.

"ಅಣ್ಣಾರ, ಏನೂ ತಪ್ಪು ತಿಳಕೊಳ್ಳೂದಿಲ್ರಿ. ಕೈ ಇಡ್ರಿ," ಎಂದಳು ದಾನವ್ವ. ಕಿಟಕಿಯ ಸರಳಿನ ಮಧ್ಯೆ ಬಂದ ಅವನ ಕೈಯನ್ನು ಅವಳೇ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಿರಬೇಕು. ಗಾಳಿಯಲ್ಲಿ ಅವನ ಅಂಗೈ ಅಗಲವಾಗಿ ನಿಂತಿತ್ತು. ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಒಮ್ಮೆಗೇ ಅದು ಒದೆ ತಿಂದು ಹಿಂದಕ್ಕೆ ಹಾರಿತು.

"ಅಯ್ಯೋ ಶಿವನೇ!" ಎಂದ ಅವನು. ನಕ್ಕನೋ ಅತ್ತನೋ ಗೊತ್ತಾಗಲಿಲ್ಲ.

ಮೇಜಿನ ಮೇಲೆ ಎರಡು ಠಸ್ಸೆಗಳಿದ್ದವು. 'ಇಲ್ಲ' ಎಂಬುದು ಬಳಸಿ ಬಳಸಿ ಸವೆದಿತ್ತು. 'ಇದೆ' ಎಂಬುದನ್ನು ಹುಡುಕಿ ಡ್ರಾಯರಿನ ತಳದಿಂದ ತೆಗೆಯಬೇಕಾಯಿತು. ಅದರ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಅವನು ಭವನದ ಮಹಡಿಯ ಕಡೆ ಒಮ್ಮೆ ನೋಡಿದ. ತನಗೆ ಮನೆಯಲ್ಲಿ ಮಕ್ಕಳಿದ್ದಾರೆ ಎಂದ. ಕೊನೆಗೆ ಅವನು ರಬ್ಬರಿನ ಮೇಲೆ ಬಾಯಿಯ ಬಿಸಿ ಹಬೆ ಬಿಟ್ಟು, ಮಸಿಗೆ ಅದ್ದಿ, ಎರಡೂ ಕೈಯಿಂದ ಒತ್ತಿದ.

ಮಧ್ಯಾಹ್ನ ಚೌಕದಲ್ಲಿ ತಮಟೆ ಬಡಿದರು. ಎಷ್ಟೋ ವರ್ಷದ ಮೇಲೆ ಆ ಸದ್ದು ಕೇಳಿ ಊರೆಲ್ಲ ಸೇರಿತ್ತು. ತಿಪ್ಪೇಸ್ವಾಮಿ ಅರಗನ್ನು ಕಲ್ಲಿಗೆ ಬಡಿದು ಒಡೆದ. ಒಡೆದದ್ದೇ ತಡ, ನನ್ನ ಪಕ್ಕದಲ್ಲಿ ದಾನವ್ವ ನಿಂತಿದ್ದಳು. ಅವಳೊಬ್ಬಳೇ ಅಲ್ಲ. ಟೇಲರ್ ಅಂಗಡಿಯ ಮೆಟ್ಟಿಲ ಮೇಲೆ, ಬಾವಿಕಟ್ಟೆಯ ಹತ್ತಿರ, ಜನರ ಮಧ್ಯೆ ಮಧ್ಯೆ ಆಚೆ ದಡದವರು ಮೂಡಿದರು, ಮುದುಕರು, ಸೊಸೆಯರು, ಕೂಲಿಯವರು. ಪಕ್ಕದಲ್ಲೇ ನಿಂತಿದ್ದವರಿಗೆ ಅವರು ಅಲ್ಲಿದ್ದದ್ದು ಗೊತ್ತಿರಲಿಲ್ಲ. ನಾನು ದಾನವ್ವನ ಮುಖವನ್ನು ನೋಡಿದೆ. ಕಣ್ಣಿನ ಸುತ್ತ ಕಪ್ಪು, ರೆಪ್ಪೆ ಬಾತುಕೊಂಡಿತ್ತು. ಇಷ್ಟು ದಿನ ನಗುವ ದನಿಯಲ್ಲಿ ಮಾತಾಡುತ್ತ ಇವಳು ಅಳುತ್ತಿದ್ದಳು.

ಆದೇಶ ಚಿಕ್ಕದಿತ್ತು. ಆಚೆ ದಡದಲ್ಲಿ ಹುಟ್ಟಿದವರೆಲ್ಲರನ್ನೂ ಅಮಾವಾಸ್ಯೆಯಂದು ಆಚೆ ದಡಕ್ಕೆ ಒಪ್ಪಿಸತಕ್ಕದ್ದು. ಈಚೆ ದಡದಲ್ಲಿ ಹುಟ್ಟಿದವರು ಆ ದಡದಲ್ಲಿ ಕಾಲಿಡತಕ್ಕದ್ದಲ್ಲ. ಪ್ರತಿಯಾಗಿ ನಡುಹೊಳೆಯ ಮೀನಿನ ಹಕ್ಕು ನಮ್ಮದಾಗುತ್ತದೆ. ಎರಡೂ ಕಡೆಯವರು ಒಪ್ಪಿದ್ದಾರೆ. ಜನರಲ್ಲಿ ಗಲಾಟೆಯಾಗಬಾರದೆಂದು ಇದನ್ನು ಗುಟ್ಟಾಗಿಡತಕ್ಕದ್ದು. ಅಷ್ಟೇ. ನನ್ನ ಸೊಸೆಯನ್ನು ಮೀನಿಗೆ ಕೊಟ್ಟಿದ್ದರು. ಜನ ಗಲಾಟೆಯನ್ನೂ ಮಾಡಲಿಲ್ಲ. ಗರ ಬಡಿದವರಂತೆ ನಿಂತಿದ್ದು, ಮೆಲ್ಲಗೆ ಕರಗಿದರು. ಬೆಸ್ತರ ಓಣಿಯವರು ನನ್ನ ಮುಖ ನೋಡಲಾರದೆ ಹೋದರು.

ಮನೆಗೆ ಬಂದ ಮೇಲೆ ನಿಜವಾದ ಭಯ ಶುರುವಾಯಿತು. ಹುಟ್ಟಿದವರ ಬಗ್ಗೆ ಬರೆದಿದ್ದರು, ಹುಟ್ಟಲಿರುವವರ ಬಗ್ಗೆ ಒಂದು ಅಕ್ಷರವಿರಲಿಲ್ಲ. ಮಗು ಈ ದಡದಲ್ಲಿ ಹುಟ್ಟಿದರೆ ಈ ದಡದ್ದು, ಅದು ದಾಟುವಂತಿಲ್ಲ. ತಾಯಿ ಇರುವಂತಿಲ್ಲ. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಕೇಳದೆ ಇದ್ದಿದ್ದರೆ ಆ ದಿನ ಬಂದು ಬಾಣಂತಿಯ ಮಡಿಲಿನಿಂದ ಕೂಸನ್ನು ಕಿತ್ತಿಟ್ಟು ಅವಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು, ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಓಂಕಾರ ಗೋಡೆಗೆ ತಲೆ ಆನಿಸಿ ಕೂತಿದ್ದ. "ಕೂಸಾದ್ರೂ ನಮಗೆ ಉಳೀಲಿ ಕಣವ್ವ," ಎಂದ. "ಹೆರಿಗೆ ಇಲ್ಲೇ ಆಗ್ಲಿ. ಇವತ್ತಲ್ಲ ನಾಳೆ ಆದೇಶ ಬದಲಾದ್ರೆ ಅವಳೂ ಬರ್ತಾಳೆ."

ಸುಳ್ಳು ಹೇಳಲಾರೆ, ನನಗೂ ಅದೇ ಆಸೆ. ಮೊದಲ ಮೊಮ್ಮಗು. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೆ. ಒಂದೆರಡು ದಿನ ಹೇಗಾದರೂ ತಡೆದರೆ ಸಾಕು, ಮಗು ನನ್ನದು. ದಾನವ್ವ ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಕಂಡ ಆ ಕಣ್ಣನ್ನು ನೋಡಿಯೂ ನನ್ನ ಆಸೆಯನ್ನು ಬಾಯಿ ಬಿಟ್ಟು ಹೇಳಲು ನನ್ನಿಂದಾಗಲಿಲ್ಲ.

"ಹಾಲು ಯಾರು ಕೊಡ್ತಾರೋ? ನೀನಾ?" ಎಂದು ಮಗನ ಮೇಲೆ ರೇಗಿದೆ. "ಕೂಸು ತಾಯಿಯ ದಡದಲ್ಲೇ ಹುಟ್ಟಲಿ, ನಾಳೆ ಬೆಳಿಗ್ಗೆ ಕೆಂಚಪ್ಪನಿಗೆ ದೋಣಿ ತರೋಕೆ ಹೇಳು."

ಅವಳಿಗೆ ನೋವು ಕಾಣಿಸಿಕೊಂಡದ್ದು ದೋಣಿ ಹತ್ತುವಾಗಲೇ. ಅಂಬಿಗರ ಕೆಂಚಪ್ಪ ನಮ್ಮಿಬ್ಬರ ಮುಖ ನೋಡಿ, "ಆಯ್ತದಾ ಅಮ್ಮ?" ಎಂದ. ಓಂಕಾರ ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳ ಕೈ ಹಿಡಿದಿದ್ದ. ಹೊಳೆಯ ದಡದ ಕಾವಲಿನವನು ನೋಡಿಯೂ ನೋಡದಂತೆ ಕೆಮ್ಮಿದ. ಗಂಡಸರು ಯಾರೂ ಹೋಗುವಂತಿಲ್ಲ, ಹೆರಿಗೆಗೆ ಜೊತೆಯಾಗಿ ನಾನೊಬ್ಬಳು ದೋಣಿಯಲ್ಲೇ ಇದ್ದು ಬರುವುದು, ಇಳಿಯುವಂತಿಲ್ಲ ಎಂದು ಅವನನ್ನು ಕಾಡಿ ಬೇಡಿ ಒಪ್ಪಿಸಿದ್ದೆ. ಓಂಕಾರ ಕೈ ಬಿಡಲಿಲ್ಲ. ದೋಣಿ ಜರುಗಿದಾಗ ಬೆರಳುಗಳು ತಾವೇ ಬಿಟ್ಟುಕೊಂಡವು.

ಅರಗು ಒಡೆದಿದ್ದರಿಂದ ಆಚೆ ದಡ ನಿಚ್ಚಳವಾಗಿ ಕಾಣುತ್ತಿತ್ತು, ಮನೆಗಳು, ಒಣಹಾಕಿದ ಬಟ್ಟೆ, ನೀರಿಗಿಳಿದ ಎಮ್ಮೆ. ಆದರೆ ಅದು ಹತ್ತಿರ ಬರುತ್ತಲೇ ಇರಲಿಲ್ಲ. ನಡುಹೊಳೆಯಲ್ಲಿ ಸೆಳೆತ ಜೋರಾಗಿತ್ತು. ದಾನವ್ವ ನನ್ನ ತೊಡೆಯ ಮೇಲೆ ಒರಗಿ ದೋಣಿಯ ಅಂಚನ್ನು ಕಚ್ಚಿ ಹಿಡಿದಿದ್ದಳು. ಅವಳ ಹೊಟ್ಟೆ ಕಲ್ಲಾಗುವುದು, ಸಡಿಲವಾಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು.

"ಮುಕ್ಕಬೇಡ ಕಣೇ. ಬಾಯಲ್ಲಿ ಉಸಿರು ಬಿಡು. ಬಿಡು, ಬಿಡು, ಮುಕ್ಕಬೇಡ."

"ಆಗವಲ್ದ್ರಿ ಅತ್ತಿ!"

"ಆಗುತ್ತೆ. ನೋಡು ನಿಮ್ಮೂರು, ನೋಡು. ಅಲ್ಲಿ ಮುಕ್ಕುವೆಯಂತೆ, ಬೇಕಾದಷ್ಟು ಮುಕ್ಕುವೆಯಂತೆ."

ಹೆರುವವಳಿಗೆ ತಡೆದುಕೋ ಎಂದು ಹೇಳುವ ಪಾಪ ಯಾರಿಗೂ ಬರಬಾರದು. ಒಂದು ಕೈಯಿಂದ ಅವಳ ಬೆವರು ಒರೆಸುತ್ತಿದ್ದೆ, ಇನ್ನೊಂದು ಕೈಯಿಂದ ನನ್ನ ಮೊಮ್ಮಗುವನ್ನು ನನ್ನಿಂದಲೇ ದೂರ ತಳ್ಳುತ್ತಿದ್ದೆ. ಕೆಂಚಪ್ಪ ಏದುಸಿರು ಬಿಡುತ್ತ ಹುಟ್ಟು ಹಾಕುತ್ತಿದ್ದ. ಬೇಗ, ಬೇಗ ಎಂದು ನಾನು ಅವನನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

ಆಚೆ ದಡದಲ್ಲಿ ಯಾರೋ ನಮ್ಮನ್ನು ಕಂಡು ಕೂಗು ಹಾಕಿದ್ದರು. ಹೆಂಗಸರು ಕಂಬಳಿ, ಕೌದಿ ಹಿಡಿದು ಸೊಂಟದ ತನಕ ನೀರಿಗಿಳಿದು ಬಂದರು. ಮುಂದಿದ್ದವಳು ದಾನವ್ವನ ತಾಯಿ. ನನ್ನ ಬೀಗಿತ್ತಿಗೆ ನನ್ನ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ನಾಲ್ಕು ಹೆಂಗಸರು ಸೇರಿ ದಾನವ್ವನನ್ನು ಕೌದಿಯಲ್ಲಿ ಎತ್ತಿಕೊಂಡರು. ಅವಳು ನನ್ನ ಕೈ ಬಿಡಲಿಲ್ಲ. ನಾನು ಎದ್ದು ನಿಂತೆ, ಒಂದು ಕಾಲು ದೋಣಿಯಂಚಿನ ಮೇಲಿತ್ತು.

"ಇಳೀಬ್ಯಾಡಿ ಅಮ್ಮ!" ಎಂದ ಕೆಂಚಪ್ಪ. "ನೀವು ಇಳಿದ್ರೆ ವಾಪಸ್ ಹೋಗಂಗಿಲ್ಲ, ನನ್ ದೋಣೀನೂ ಹೋಯ್ತದೆ. ನಿಮ್ಮ ಮಗ ಅಲ್ಲಿ ನಿಂತವನೆ."

ತಿರುಗಿ ನೋಡಿದೆ. ನಮ್ಮ ದಡದಲ್ಲಿ ಓಂಕಾರ ಕಡ್ಡಿಯಷ್ಟಾಗಿ ಕಾಣುತ್ತಿದ್ದ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಗಾಳಿಯಲ್ಲಿ ಅರಗಿನ ವಾಸನೆ ಇತ್ತು. ಅಧ್ಯಕ್ಷರು ಮತ್ತೊಂದು ಆದೇಶಕ್ಕೆ ಮುದ್ರೆ ಒತ್ತಿದ್ದರು.

ಈ ಕಡೆ ತಿರುಗುವಷ್ಟರಲ್ಲಿ ದಡವಿರಲಿಲ್ಲ. ಕೌದಿ ಇಲ್ಲ, ಹೆಂಗಸರಿಲ್ಲ, ಎಮ್ಮೆಯಿಲ್ಲ. ಬರೀ ನೀರು, ನೀರಿನ ಮೇಲೆ ಆಕಾಶ. ನನ್ನ ಮುಷ್ಟಿಯೊಳಗೆ ಮಾತ್ರ ಇನ್ನೂ ಅವಳ ಬೆರಳುಗಳಿದ್ದವು, ಒದ್ದೆಯಾಗಿ, ಬಿಗಿಯಾಗಿ. ನೋವು ಬಂದಾಗ ಅವು ನನ್ನ ಎಲುಬು ಮುರಿಯುವಂತೆ ಹಿಂಡಿದವು. ಆಮೇಲೆ ಅವಳನ್ನು ಯಾರೋ ಎಳೆದರು, ಬೆರಳುಗಳು ಜಾರಿದವು. ಕೆಂಚಪ್ಪ ದೋಣಿಯನ್ನು ಹಿಂದಕ್ಕೆ ತೆಗೆದ. ಹೊಸ ಆದೇಶದಲ್ಲಿ ಏನಿದೆಯೋ, ದೋಣಿಗೆ ಏನು ಬರೆದಿದ್ದಾರೋ ಎಂದು ಅವನು ಮತ್ತೆ ಮತ್ತೆ ನಮ್ಮ ದಡದ ಕಡೆ ನೋಡುತ್ತಿದ್ದ.

ಏನಿತ್ತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೇಳುವ ಕಿಟಕಿಗೆ ಇಟ್ಟಿಗೆ ಕಟ್ಟಿದ್ದಾರೆ. ತಿಪ್ಪೇಸ್ವಾಮಿ ಕಾಣಿಸುತ್ತಿಲ್ಲ. ಎತ್ತಂಗಡಿಯೋ, ಆದೇಶವೋ ತಿಳಿಯದೆ ಅವನ ಹೆಂಡತಿ ಎರಡು ತಟ್ಟೆ ಹಾಕಿ ಕಾಯುತ್ತಾಳೆ. ಆದರೆ ಅದೆಲ್ಲ ಆಮೇಲಿನ ಮಾತು. ಆಗ ನಾನು ದೋಣಿಯಲ್ಲಿದ್ದೆ, ಆ ಖಾಲಿ ನೀರನ್ನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ನೋಡಿ ಪ್ರಯೋಜನವಿರಲಿಲ್ಲ. ಹುಟ್ಟು ನಿಲ್ಲಿಸೋ ಎಂದು ಕೆಂಚಪ್ಪನಿಗೆ ಕಿರುಚಿದೆ. ಅವನು ಹುಟ್ಟನ್ನು ಮೇಲೆತ್ತಿ ಹಿಡಿದ. ನೀರಿನ ಸದ್ದು ನಿಂತಿತು.

ಆಗ ಏನೂ ಇಲ್ಲದ ಕಡೆಯಿಂದ ಕೂಸಿನ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಸಿಟ್ಟಿನಿಂದ, ಗಟ್ಟಿಯಾಗಿ.

"ಗಂಡಾ ಹೆಣ್ಣಾ?" ಎಂದು ಗಂಟಲು ಹರಿಯುವಂತೆ ಕೂಗಿದೆ. ಸೆಳೆತ ದೋಣಿಯನ್ನು ತಿರುಗಿಸುತ್ತಿತ್ತು, ಅಳು ಈಗ ಎಡಕ್ಕೆ, ಈಗ ಬೆನ್ನಿಗೆ ಬರುತ್ತಿತ್ತು. ಮತ್ತೆ ಕೂಗಿದೆ. ಮಧ್ಯೆ ಎಷ್ಟು ಹೊತ್ತು ಕಳೆಯಿತೋ, ಬೀಗಿತ್ತಿಯ ದನಿಯಿರಬೇಕು, ನೀರಿನ ಮೇಲಿಂದ ಬಂತು.

"ಹೆಣ್ಣು ಐತ್ರಿ! ಇಬ್ಬರೂ ಆರಾಮ ಅದಾರ್ರೀ!"

ಕೆಂಚಪ್ಪ ಅಳುತ್ತಿದ್ದ. ನನಗೆ ಅಳಲು ಹೊತ್ತಿರಲಿಲ್ಲ. ದೋಣಿ ಸರಿಯುತ್ತಿತ್ತು, ದನಿ ತಲುಪುವಷ್ಟು ದೂರ ಇನ್ನೆಷ್ಟು ಉಳಿದಿದೆಯೋ ತಿಳಿಯದು. ಹೇಳಬೇಕಾದದ್ದು ಬೇಕಾದಷ್ಟಿತ್ತು. "ಹರಳೆಣ್ಣೆ ಹಚ್ಚಿ ಎರೀರಿ!" ಎಂದು ಬಯಲಿಗೆ ಕೂಗಿದೆ. "ನೆತ್ತಿಗೆ ಗಾಳಿ ತಾಗಬಾರದು! ಅವಳಿಗೆ ಮೂರು ತಿಂಗಳು ತಣ್ಣೀರು ಕೊಡಬೇಡಿ, ಕೇಳಿದ್ರೂ ಕೊಡಬೇಡಿ! ಬೆಳ್ಳುಳ್ಳಿ ಸುಟ್ಟು ತಿನ್ಸಿ, ಅವಳಿಗೆ ಸೇರಲ್ಲ, ಬಾಯಿ ತೆಗೆಸಿ ತಿನ್ಸಿ!" ಉತ್ತರ ಬಂತೋ ಇಲ್ಲವೋ, ನನ್ನ ದನಿಯೇ ನನಗೆ ಅಡ್ಡ ಬರುತ್ತಿತ್ತು. ನಮ್ಮ ದಡ ಬಂದು ದೋಣಿ ಮರಳಿಗೆ ತಾಗಿದಾಗಲೂ ನಾನು ಹಿಂದಕ್ಕೆ ತಿರುಗಿ ನಿಂತು, ಕೂಸಿಗೆ ದೃಷ್ಟಿ ತೆಗೆಯುವುದು ಹೇಗೆ ಎಂದು ಆ ಖಾಲಿ ಹೊಳೆಗೆ ಕೂಗಿ ಹೇಳುತ್ತಿದ್ದೆ.